ಕಾಜಾ ಬಾಕಿ ಇದ್ದ ಜಾಕೀಟು

ಅಫಜಲಪುರದ ಟೇಲರ್ ಸಿದ್ರಾಮ ಮಾಸ್ತರರು ಹೇಳಿದ ದಿನಕ್ಕೆ ಬಟ್ಟೆ ಕೊಟ್ಟದ್ದನ್ನು ಕಂಡವರಿಲ್ಲ. "ಗುಂಡಿ ಕಾಜಾ ಅಷ್ಟ ಬಾಕಿ ಅದರಿ, ನಾಳಿ ಬರ್ರಿ" ಎನ್ನುವರು. ಮರುದಿನ ಹೋದರೆ ಬಟ್ಟೆ ಇನ್ನೂ ಕತ್ತರಿಯನ್ನೇ ಕಂಡಿರುತ್ತಿರಲಿಲ್ಲ. ನನ್ನ ಮದುವೆಯ ಸೂಟನ್ನು ನಾನು ತೊಟ್ಟದ್ದು ಮಗನ ಜವಳದಲ್ಲಿ. ಜಗಳಕ್ಕೆ ಹೋದವರಿಗೆ ಚಹಾ ತರಿಸುತ್ತಿದ್ದರು, ಜಗಳ ಅಲ್ಲಿಗೆ ಮುಗಿಯುತ್ತಿತ್ತು.

ಅಂಗಡಿಯ ಗೋಡೆಯಲ್ಲಿ ಒಂದು ಖಾದಿ ಜಾಕೀಟು ವರ್ಷಗಟ್ಟಲೆ ತೂಗುತ್ತಿತ್ತು. ಅದು ಗೌಡರದು. ಕಬ್ಬು ಬೆಳೆಗಾರರ ಮುಖಂಡರು, ಆಳಂದದಿಂದ ಜೇವರ್ಗಿತನಕ ಹೆಸರಾದವರು. ಅಳತೆ ಕೊಟ್ಟ ವಾರವೇ ಒಬ್ಬರೇ ಜೀಪಿನಲ್ಲಿ ಹೊರಟವರು ಮರಳಲಿಲ್ಲ. ಜೀಪು ಸೊನ್ನ ಬ್ಯಾರೇಜಿನ ಹತ್ತಿರ ಸಿಕ್ಕಿತು, ಗೌಡರು ಸಿಗಲಿಲ್ಲ. ಪೊಲೀಸರು ಭೀಮಾ ನದಿಯನ್ನು ಜಾಲಾಡಿ ಸೋತರು. ಊರವರು ಮಾತ್ರ ಕಥೆ ಕಟ್ಟುವುದರಲ್ಲಿ ಸೋಲಲಿಲ್ಲ.

ಪ್ರತಿ ಸುದ್ದಿಗೂ ಮಾಸ್ತರರು ಜಾಕೀಟಿನ ಹೊಲಿಗೆ ಬಿಚ್ಚುತ್ತಿದ್ದರು. ಗೌಡರು ಕಾಶಿಯ ಮಠದಲ್ಲಿದ್ದಾರೆ ಎಂದು ಯಾರೋ ಅಂದರೆ, "ಮಠದ ಊಟರಿ, ಹೊಟ್ಟಿ ಬಂದಿರ್ತದ" ಎಂದು ಸಡಿಲ ಮಾಡುವರು. ಸೊಲ್ಲಾಪುರದ ಸ್ಟೇಷನ್ನಿನಲ್ಲಿ ಸೊರಗಿ ಕೂತಿದ್ದರಂತೆ ಎಂದರೆ ಮತ್ತೆ ಬಿಗಿ. ಒಮ್ಮೆ ನಾನು ಚೇಷ್ಟೆಗೆ, "ಗೌಡ್ರು ಜಪಾನಿನ್ಯಾಗ ಅದಾರಂತ್ರಿ" ಎಂದೆ.

"ಅಲ್ಲಿ ಥಂಡಿ ಭಾಳ. ಅಸ್ತರ ದಪ್ಪಂದು ಹಚ್ಚಬೇಕು" ಎಂದರು, ನಗದೆ.

ಒಂದು ದಿನ ಗೌಡರ ತಮ್ಮ ಅಂಗಡಿಗೆ ಬಂದರು. ಅಣ್ಣ ಸತ್ತರೆಂದೇ ತಿಳಿದು ಕಾರ್ಯ ಮಾಡಿ, ಫೋಟೋಕ್ಕೆ ಹಾರ ಹಾಕಲು ಹಿರಿಯರು ನಿಶ್ಚಯಿಸಿದ್ದರು. ಫೋಟೋದ ಮುಂದೆ ಹೊಸ ಬಟ್ಟೆ ಇಡುವುದು ಅವರ ಮನೆಯ ರೂಢಿ. ಗೌಡರ ಹೆಂಡತಿ ಶಾಂತಾಬಾಯಿಗೆ ಕುಂಕುಮ ಅಳಿಸುವ ಮನಸ್ಸಿರಲಿಲ್ಲ. ಬೇಡವೆಂದರೆ ಕೇಳುವವರೂ ಇರಲಿಲ್ಲ. ಇಟ್ಟರೆ ಈ ಜಾಕೀಟನ್ನೇ ಇಡಬೇಕು, ಬೇರೆ ಬಟ್ಟೆ ಒಲ್ಲೆ ಎಂದು ಆಕೆ ಹಟ ಹಿಡಿದರು. ಮಾಸ್ತರರ ನಾಳೆ ಎಂಥದೆಂದು ಆಕೆಗೂ ಗೊತ್ತಿತ್ತು.

"ಕಾಜಾ ಹೊಡ್ಯಾಕತ್ತೇನ್ರಿ. ನಾಳಿ ಬರ್ರಿ" ಎಂದರು ಮಾಸ್ತರರು.

ಗೌಡರ ತಮ್ಮ ಮರುದಿನ ಬಂದರು, ಮುಂದಿನ ವಾರ ಬಂದರು, ಅಮಾವಾಸ್ಯೆ ಕಳೆದ ಮೇಲೂ ಬಂದರು. ಕಾರ್ಯ ಮುಂದೆ ಹೋಗುತ್ತಲೇ ಇತ್ತು. ನಮ್ಮನ್ನೆಲ್ಲ ಗೋಳು ಹೊಯ್ದುಕೊಂಡ ಆ ಸುಳ್ಳಿನ ಮೇಲೆ ನನಗೆ ಆಗ ಪ್ರೀತಿ ಹುಟ್ಟಿತು.

ಮಾಸ್ತರರನ್ನು ಕೊನೆಯ ಬಾರಿ ಕಂಡದ್ದು ಅವರು ಹಾಸಿಗೆ ಹಿಡಿದಾಗ. ಶಾಂತಾಬಾಯಿಯೂ ಬಂದಿದ್ದರು, ಮೈದುನ ಬಾಗಿಲಲ್ಲೇ ನಿಂತಿದ್ದರು. ಮಾಸ್ತರರು ಜಾಕೀಟು ತರಿಸಿ ಆಕೆಯ ಕೈಗಿಟ್ಟರು.

"ಮುಗದದವ್ವಾ. ಇನ್ನ ನಾಳಿ ಅನ್ನಾಕ ನನ್ನ ಕಡಿಂದ ಆಗಂಗಿಲ್ಲ."

ನನಗೆ ದುಃಖ ಒತ್ತರಿಸಿ ಬಂತು. ಶಾಂತಾಬಾಯಿ ಜಾಕೀಟನ್ನು ಒಮ್ಮೆ ತಿರುಗಿಸಿ ನೋಡಿದರು. ಆಮೇಲೆ ನಮ್ಮೆಲ್ಲರ ಎದುರೇ ಸೀರೆಯ ಮೇಲೆ ತೊಟ್ಟುಕೊಂಡು, ಕೆಳಗಿನಿಂದ ಮೇಲಿನತನಕ ಗುಂಡಿ ಹಾಕಿದರು.

"ಏನ್ ಮಾಡಾಕತ್ತೀರಿ ವೈನಿ? ತೊಟ್ಟ ಬಟ್ಟಿ ಕಾರ್ಯಕ್ಕ ನಡೆಂಗಿಲ್ಲ!" ಮೈದುನ ಕೂಗಿದರು.

"ನಡೀದಿದ್ರ ಬಿಡ್ರಿ" ಎಂದು ಆಕೆ ಅದನ್ನು ತೊಟ್ಟುಕೊಂಡೇ ಬಜಾರದ ನಡುವೆ ಮನೆಗೆ ಹೊರಟರು.

ಮಾಸ್ತರರು ಕತ್ತು ಚಾಚಿ ನೋಡಿದರು. "ಭುಜಾ ಸ್ವಲ್ಪ ಸಡಲ ಆತು" ಎಂದರು.