ಎದೆಯ ಶಿಳ್ಳೆ

ನೊಣವಿನಕೆರೆಯ ಹೊನ್ನಪ್ಪ ಅಟ್ಟದ ಕಾಯಿಗಳನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೇ ಕೊಬ್ಬರಿಯ ಹದ ಹೇಳುವವನು. ನೀರು ಕುಲುಕುವ ಸದ್ದು ನಿಂತರೆ ಕಾಯಿ ಒಣಗಿತು, ಇನ್ನು ಚಿಂತೆಯಿಲ್ಲ. ತನ್ನ ಉಬ್ಬಸಕ್ಕೂ ಅವನದು ಅದೇ ಲೆಕ್ಕ. ದಿನವೂ ಬಾಯಿಂದ ಒಳಗೆಳೆದುಕೊಳ್ಳಿ ಎಂದು ಡಾಕ್ಟರು ಕೊಟ್ಟಿದ್ದ ಸ್ಟೆರಾಯ್ಡ್ ಪಂಪನ್ನು, ಎದೆ ಶಿಳ್ಳೆ ಹಾಕದ ದಿನ ಮುಟ್ಟುತ್ತಿರಲಿಲ್ಲ. ಚಟವಾದೀತೆಂಬ ಭಯ.

ಆ ಬೆಳಿಗ್ಗೆ ಕಾಯಿ ಸುಲಿಯುವ ಧೂಳಿಗೆ ಉಸಿರು ಕಟ್ಟಿತು. ಹೆಂಡತಿ ಸಿದ್ದಮ್ಮ ಆಟೋ ಹತ್ತಿಸಿದಳು. ತಿಪಟೂರು ಇನ್ನೂ ದೂರವಿರುವಾಗಲೇ ಶಿಳ್ಳೆ ನಿಂತಿತು.

"ಸದ್ದು... ಹೋಯ್ತು ಕಣೇ. ವಾಪಸ್... ಹೋಗಾಣ."

ಅವನ ತುಟಿ ನೀಲಿಗಟ್ಟಿದ್ದನ್ನು ಕಂಡ ಸಿದ್ದಮ್ಮ, "ಸುಮ್ಕೆ ಕುಂತ್ಕಳಿ" ಎಂದು ಗದರಿದಳು.

ತಿಪಟೂರಿನ ಆಸ್ಪತ್ರೆಯಲ್ಲಿ ಅವಳು ಶಿಳ್ಳೆ ನಿಂತಿದ್ದನ್ನು ಹೇಳಿದಳು. ಸ್ಟೆತಾಸ್ಕೋಪ್ ಇಟ್ಟ ಡಾಕ್ಟರ ಮುಖ ಬಿಳಿಚಿಕೊಂಡಿತು. "ವಾಸಿಯಾಗಿ ನಿಂತಿರೋದಲ್ಲಮ್ಮ. ಶಿಳ್ಳೆ ಹಾಕೋಕೂ ಒಳಗೆ ಗಾಳಿ ಆಡ್ತಿಲ್ಲ" ಎನ್ನುತ್ತಲೇ ಆಕ್ಸಿಜನ್ ಹಾಕಿಸಿ, ಸ್ಟೆರಾಯ್ಡ್ ಇಂಜೆಕ್ಷನ್ ಕೊಟ್ಟರು.

ಬಹಳ ಹೊತ್ತಿನ ಮೇಲೆ ಎದೆ ಮತ್ತೆ ಸಣ್ಣಗೆ ಶಿಳ್ಳೆ ಹಾಕಿತು. ಆ ಸದ್ದು ನಿಲ್ಲಲೆಂದು ವರ್ಷಗಟ್ಟಲೆ ಹರಕೆ ಹೊತ್ತಿದ್ದ ಸಿದ್ದಮ್ಮ, ಈಗ ಎಲ್ಲಿ ನಿಂತುಬಿಡುತ್ತದೋ ಎಂದು ಗಂಡನ ಎದೆಯ ಮೇಲಿಂದ ಕಿವಿ ತೆಗೆಯಲಿಲ್ಲ.