ಅವತ್ತು ಬರುವುದಿಲ್ಲ ಎಂದವಳು

ಪೊನ್ನಿ, ಅವತ್ತು ಬರುವುದಿಲ್ಲ ಎಂದವನು ನಿನ್ನ ಅಣ್ಣನಲ್ಲ, ನಾನು. ನೀನು ಫೋನ್ ಮಾಡಿದ್ದೇ ಅವನಿಗೆ ಇವತ್ತಿಗೂ ಗೊತ್ತಿಲ್ಲ.

ಕಾರ್ತಿಕದ ಮೊದಲ ವಾರ. ಅವನು, ನಮ್ಮ ಮಗಳು ಇಬ್ಬರೂ ಶಬರಿಮಲೆಗೆ ಮಾಲೆ ಹಾಕಿದ್ದರು. ಆರು ವರ್ಷದ ನಿಲಾಳಿಗೆ ಬರಿಗಾಲು ರೂಢಿಯಾಗಲಿ ಎಂದು ನಮ್ಮೂರು ಬೋಡಿಯ ಮೇಲಿನ ಬೆಟ್ಟದ ಕಾಡುದಾರಿ ಹತ್ತಿಸುತ್ತಿದ್ದೆವು. ಮಳೆ ಆಗಷ್ಟೇ ಬಿಟ್ಟಿತ್ತು. ಬಸವನ ಹುಳು ಕಂಡಲ್ಲೆಲ್ಲ ಅವಳು ಕೂತುಬಿಡುತ್ತಿದ್ದಳು. ಮಾಲೆ ಹಾಕಿದವರು ಒಬ್ಬರನ್ನೊಬ್ಬರು ಸಾಮಿ ಎಂದೇ ಕರೆಯಬೇಕಲ್ಲ— "ಸಾಮಿ, ಕಲ್ಲು ಅದೆ, ನೋಡ್ಕಂಡು ಕಾಲಿಡಿ" ಎಂದು ಅಪ್ಪ ಮರ್ಯಾದೆ ಕೊಟ್ಟಾಗಲೆಲ್ಲ ಅವಳಿಗೆ ನಗು. ತಿಂಡಿಚೀಲ, ಅವನ ಫೋನು ಹಿಡಿದು ನಾನು ತುಸು ಹಿಂದಿದ್ದೆ.

ಆಗ ನೀನು ದಿಂಡಿಗಲ್‌ನಿಂದ ಫೋನ್ ಮಾಡಿದೆ. "ಅತ್ಗೆ, ಅವ್ವಂಗೆ ಆಗ್ತಿಲ್ಲ. ಅಣ್ಣನ್ನೇ ಕೇಳ್ತಾವ್ಳೆ, ಕರ್ಕಂಡು ಬಾ."

ನಿನ್ನ ಅವ್ವ ಎಂದರೆ ಅವನನ್ನು ಸಾಕಿ ಬೆಳೆಸಿದ ದೊಡ್ಡವ್ವ. ನಾನು ಅವನನ್ನು ಕೂಗಲಿಲ್ಲ. "ಮಾಲೆ ಹಾಕವ್ರೆ. ಈಗ ಬರಕ್ಕಾಗಲ್ಲ ಅಂತಾರೆ" ಎಂದೆ. ಫೋನನ್ನು ಚೀಲದ ತಳಕ್ಕೆ ತುರುಕಿದೆ.

ಯಾಕೆ— ಇಷ್ಟು ವರ್ಷ ಅದನ್ನೇ ಕೇಳಿಕೊಳ್ಳುತ್ತಿದ್ದೇನೆ. ಸೂತಕ ತಗುಲಿದರೆ ಮಗುವಿನ ಮಾಲೆ ತೆಗೆಯಬೇಕಾಗುತ್ತದೆ ಎಂದೇ? ಆದರೆ ದೊಡ್ಡವ್ವ ಸತ್ತರೆ ಇವನು ಹೋದರೂ ಸೂತಕ, ಹೋಗದಿದ್ದರೂ ಸೂತಕ. ಇಷ್ಟು ನನಗೆ ತಿಳಿಯದೇ? ಹಿಂದೆಯೂ ಹೀಗೇ ಕರೆ ಬಂದು, ಇವನು ಓಡಿಹೋದಾಗ ದೊಡ್ಡವ್ವ ಎದ್ದು ಕೂತು ರಸ ಕುಡಿಯುತ್ತಿದ್ದಳು ಎಂಬುದು ನಿಜ. ಈ ಸಲವೂ ಹಾಗೇ ಎಂದುಕೊಂಡೆನೋ— ಅಥವಾ ಅವಳು ಕರೆದರೆ ನಮ್ಮನ್ನು ಎಲ್ಲಿದ್ದಲ್ಲೇ ಬಿಟ್ಟು ಓಡುತ್ತಾನಲ್ಲ ಎಂಬ ಹೊಟ್ಟೆಕಿಚ್ಚೋ. ಆ ಒಂದು ಬೆಳಗ್ಗೆ ಅವನು ಪೂರ್ತಿ ನಮ್ಮವನಾಗಿದ್ದ. ಇದೇ ಕಾರಣವಿರಬಹುದು. ಅಲ್ಲದೆಯೂ ಇರಬಹುದು. ನನಗೆ ಗೊತ್ತಾಗುತ್ತಿಲ್ಲ.

ಸಂಜೆ ಮನೆ ಸೇರುವಷ್ಟರಲ್ಲಿ ಪಕ್ಕದ ಮನೆಯವರು ಸಾವಿನ ಸುದ್ದಿ ಹಿಡಿದು ಬಾಗಿಲಲ್ಲಿ ನಿಂತಿದ್ದರು. "ಫೋನ್ ಏನಾದ್ರೂ ಬಂದಿತ್ತಾ?" ಎಂದು ಅವನು ನನ್ನನ್ನು ಕೇಳಿದ. ಬೆಟ್ಟದಲ್ಲಿ ಸಿಗ್ನಲ್ ಇರಲಿಲ್ಲ ಎಂದೆ. ನಂಬಿದ. ಇಬ್ಬರ ಮಾಲೆಯನ್ನೂ ಅವತ್ತೇ ತೆಗೆದೆವು. ನಿಲಾ ಅಳುತ್ತಾ ನಿದ್ದೆಹೋದಳು.

ನೀನು ಅಣ್ಣನ ಮುಖ ನೋಡುವುದನ್ನು ಬಿಟ್ಟೆ. ಹೊತ್ತಾಗಿ ಬಂದೆನೆಂದು ತಂಗಿಗೆ ಸಿಟ್ಟು ಎಂದುಕೊಂಡು ಅವನು ಪ್ರತಿ ತಿಥಿಗೂ ಬಂದು ನಿಮ್ಮ ಜಗಲಿಯಲ್ಲಿ ಕೂತು ಹೋಗುತ್ತಾನೆ. ನೀನು ಒಳಗಿಂದ ಬರುವುದಿಲ್ಲ. ಪಕ್ಕದಲ್ಲೇ ಕೂತು ನಾನು ಅದನ್ನು ನೋಡಿದ್ದೇನೆ, ಪೊನ್ನಿ.

ಸಾವಿನ ಮನೆಯಲ್ಲಿ ನೀನು ನನ್ನೊಬ್ಬಳಿಗೇ ಹೇಳಿದೆ: "ಫೋನು ಅವ್ವನ ಕಿವಿ ಹತ್ರನೇ ಹಿಡ್ದಿದ್ದೆ. ನೀ ಹೇಳಿದ್ದು ಅವ್ವಂಗೂ ಕೇಳ್ಸ್ತು."

ಮಿಕ್ಕಿದ್ದೆಲ್ಲವನ್ನೂ ಅವನಿಗೆ ಹೇಳಿಬಿಡಬಲ್ಲೆ. ಇದೊಂದನ್ನು ಹೇಗೆ ಹೇಳಲಿ— ಆದರೂ ಹೇಳುತ್ತೇನೆ. ಆಮೇಲೆ ಅವನು ನಿನ್ನ ಬಾಗಿಲಿಗೆ ಒಬ್ಬನೇ ಬಂದರೆ, ಒಳಗೆ ಕರೆ.