ಮಂತ್ರವಾದಿಯ ಮಾತು ಮುಗಿಯುವ ತನಕ

ಕೇಳಿರಯ್ಯಾ ಗೆಳೆಯರೇ! ಇಂದು ಸೋಮವಾರಪೇಟೆಯ ನಮ್ಮ ಜಗಲಿಯಲ್ಲಿ ಘೋರ ಯುದ್ಧ ಆರಂಭವಾಯಿತು. ಈವರೆಗೆ ಒಂದೇಟೂ ಬಿದ್ದಿಲ್ಲ.

ಆಳಿಗೊಂದು ಪಾತ್ರ ಹಿಡಿದು, ದಾಳ ಉರುಳಿಸಿ ಆಡುವ ಮಾಯಾರಾಜ್ಯದ ಆಟ ನಮ್ಮದು. ಸೂತ್ರಧಾರ ನಾನೇ. ಬೆಳ್ಳಿಯಪ್ಪ ಮೂರು ವರ್ಷದಿಂದ ಬೆಳೆಸಿದ ಖಡ್ಗವೀರನಿಗೂ ಕುಶಾಲಪ್ಪನ ಮಂತ್ರವಾದಿಗೂ ಇಂದು ದ್ವಂದ್ವಯುದ್ಧ. ಸೋತ ಪಾತ್ರ ಸತ್ತಂತೆ, ಮತ್ತೆ ಬರುವಂತಿಲ್ಲ.

"ನಾನು ಮಂತ್ರ ಬಿಡೋ ಮೊದಲೇ ತಲೆ ಉರುಳ್ತದೆ ಕಣಯ್ಯ. ಇದೆಂಥ ನ್ಯಾಯ?" ಎಂದ ಕುಶಾಲಪ್ಪ.

ನಾನು ನಾಟಕದ ಮನುಷ್ಯ. ರಂಗದ ಮೇಲೆ ಎದುರಾಳಿಯ ಮಾತು ಮುಗಿಯುವ ಮೊದಲು ಯಾರಾದರೂ ಕತ್ತಿ ಬೀಸುತ್ತಾರೆಯೇ? ಅದನ್ನೇ ನಿಯಮ ಮಾಡಿದೆ. ಮೊದಲು ಮಂತ್ರವಾದಿಯ ಮಾತು, ಆಮೇಲೆ ಖಡ್ಗ.

ಕುಶಾಲಪ್ಪ ಎದ್ದು ನಿಂತು, "ಎಲವೋ ಖಡ್ಗವೀರಾ, ನನ್ನ ವಂಶವನ್ನು ಬಲ್ಲೆಯಾ?" ಎಂದು ಶುರು ಮಾಡಿದ. ಒಂದು ಗಂಟೆ ಕಳೆಯಿತು.

"ಮುಗಿಸೋ ಮಾರಾಯ, ಮಾದಾಪುರದ ಕೊನೇ ಬಸ್ಸು ಹೋಗ್ತದೆ!" ಎಂದು ಬೆಳ್ಳಿಯಪ್ಪ ಕೂಗಿದ.

"ಎದ್ದು ಹೋದರೆ ಸೋತಂತೆ," ಎಂದೆ ನಾನು.

ಬಸ್ಸು ಹೋಯಿತು. ಬೆಳ್ಳಿಯಪ್ಪ ಈಗ ನಮ್ಮಲ್ಲೇ ಊಟಕ್ಕೆ ಕುಳಿತಿದ್ದಾನೆ, ಎಡಗೈ ಮುಷ್ಟಿಯಲ್ಲಿ ದಾಳ. ಎದುರಿಗೆ ಕುಶಾಲಪ್ಪ ಸಾರು ಬಡಿಸಿಕೊಳ್ಳುತ್ತಾ, ಈಗಷ್ಟೇ ಮುತ್ತಜ್ಜನ ಮದುವೆಯವರೆಗೆ ಬಂದಿದ್ದಾನೆ.